ಬೋರಿನ ನೀರು ತಣ್ಣಗಿತ್ತು

ಚಳಿಗಾಲ ಕೊನೆಗೆ ಬಂದಿತ್ತು. ಕೊಯ್ಲಾದ ಹೊಲಗಳಲ್ಲಿ ಕೂಳೆ ಮಾತ್ರ ನಿಂತಿತ್ತು. ಬದುವಿನಾಚೆಯ ಕಣದಲ್ಲಿ ಒಕ್ಕಣೆ ಮಿಶಿನ್ ಬೆಳಗಿನಿಂದ ಒಂದೇ ಸಮನೆ ಅರಚುತ್ತಿತ್ತು. ಗಂಡಸರು ತೆನೆಯ ಹೊರೆ ಬಿಚ್ಚಿ ಅದರ ಬಾಯಿಗೆ ಕೊಡುತ್ತಿದ್ದರು. ಹೆಂಗಸರು ತಲೆಗೂ ಮೂಗಿಗೂ ಬಟ್ಟೆ ಸುತ್ತಿಕೊಂಡು ಕೆಳಗೆ ಸುರಿಯುವ ಕಾಳು ಬಾಚುತ್ತಿದ್ದರು. ಹೊಟ್ಟು ಹೊಗೆಯ ಹಾಗೆ ಎದ್ದು, ಗಾಳಿ ತಿರುಗಿದಾಗಲೆಲ್ಲ ಬದುವಿನ ಈಚೆ ನಿಂತವರ ಮೈಮೇಲೂ ಕೂರುತ್ತಿತ್ತು.

ಈಚೆ, ಬರೀ ಬಯಲಿನ ಮಧ್ಯೆ, ದಪ್ಪ ಪೈಪಿನಿಂದ ನೀರು ದಬದಬ ಸುರಿಯುತ್ತಿತ್ತು.

“ಕುಡೀರಿ ಅಕ್ಕ, ಸಂಕೋಚ ಬೇಡ!” ಜಾಗದ ಮಾಲೀಕ ಮಿಶಿನ್ನಿನ ಸದ್ದಿನ ಮೇಲೆ ಗಂಟಲು ಹರಿದುಕೊಂಡ. “ನಿಮ್ಮದೇ ನೀರು. ಪೇಟೆಯಲ್ಲಿ ಕೊಡ ಇಟ್ಕೊಂಡು ಸಾಲಿನಲ್ಲಿ ಕಾಯೋ ಕರ್ಮ ಇವತ್ತಿಗೆ ಮುಗೀತು ಅಂದ್ಕೊಳ್ಳಿ.”

ಹೊಲಕ್ಕೆ ಬರುವಾಗಲೂ ಬಿಳಿ ಬೂಟು ಹಾಕಿಕೊಂಡು ಬರುವ ಆಸಾಮಿ. ಹಾಗಾಗಿ ಸುತ್ತಮುತ್ತಲಿನವರ ಬಾಯಲ್ಲಿ ಅವನ ಹೆಸರೇ ಬಿಳಿಬೂಟು.

ಟೈಲರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಬೊಗಸೆಯೊಡ್ಡಿದಳು. ಒಂದು ಗುಟುಕು ಕುಡಿದಳು, ಉಳಿದದ್ದನ್ನು ಮುಖಕ್ಕೆ ಎರಚಿಕೊಂಡಳು, ಚಿಕ್ಕ ಹುಡುಗಿಯ ಹಾಗೆ ನಕ್ಕಳು. ಹೊಲಿಗೆ ಮಿಶಿನ್ ತುಳಿದು ತುಳಿದು ಬೆನ್ನು ಬಾಗಿದ ಹೆಂಗಸು ಹಾಗೆ ನಕ್ಕಿದ್ದನ್ನು ನೋಡಿದರೆ ಯಾರಿಗೂ ಸಂತೋಷವಾಗಬೇಕು.

ಅವಳ ಹಿಂದೆ ನಿಂತಿದ್ದ ಕೆದಕಮ್ಮನಿಗೆ ಆಗಲಿಲ್ಲ.

ಕೆದಕಮ್ಮ ಪೊಲೀಸ್ ಕೆಲಸದಲ್ಲಿದ್ದಾಗ, ಮುಚ್ಚಿದ ಕೇಸುಗಳನ್ನೂ ಕೆದಕುತ್ತಾಳೆ ಎಂದು ಮೇಲಿನವರು ಹಲ್ಲು ಕಡಿಯುತ್ತ ಇಟ್ಟ ಹೆಸರು ಅದು. ಕೆಲಸ ಬಿಟ್ಟ ಮೇಲೆ ಅವಳು ಅದನ್ನೇ ಬೋರ್ಡಿಗೆ ಬರೆಸಿ, ಪತ್ತೇದಾರಿಕೆಗೆ ಅಂಗಡಿ ತೆರೆದು ಕೂತಿದ್ದಳು. ಇವತ್ತು ಮಾತ್ರ ಅವಳು ಟೈಲರಮ್ಮನ ಚಿಕ್ಕಮ್ಮ. ಬಿಳಿಬೂಟಿಗೆ ಹೇಳಿದ್ದು ಹಾಗೆ.

ಟೈಲರಮ್ಮನ ತಮ್ಮ, ಆಸ್ಪತ್ರೆಯ ಕಾಂಪೌಂಡರ್, ಪೇಟೆಯ ತನ್ನ ಮನೆ ಬಿಟ್ಟುಕೊಟ್ಟು ಇದೇ ಬಯಲಿನಲ್ಲಿ ಒಂದು ತುಂಡು ಹಿಡಿದವನು, ಅದಾದ ಮೇಲೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಫೋನಿಗೆ ಆಗಾಗ ಒಂದು ಸಂದೇಶ ಬರುತ್ತಿತ್ತು: ಕೆಲಸದ ಮೇಲೆ ದೂರ ಇದ್ದೀನಿ, ಜಾಗ ಚಿನ್ನದಂಥದು, ಪಕ್ಕದ ತುಂಡು ನೀನೇ ತಗೋ ಅಕ್ಕ.

ತಮ್ಮನ ಮಾತೆಂದರೆ ಟೈಲರಮ್ಮನಿಗೆ ತೀರಿತು. ಕೆಳಗೆ ಹೊಲಿಗೆ ಅಂಗಡಿ, ಮೇಲೆ ಎರಡು ಕೋಣೆಯ ಮನೆ. ಇದ್ದದ್ದೇ ಅಷ್ಟು. ಅದನ್ನು ಕೊಟ್ಟು ಈ ಜಾಗ ತೆಗೆದುಕೊಳ್ಳುವುದೆಂದು ಮಾತಾಗಿತ್ತು. ಕಟ್ಟಡ ಅವಳ ಗಂಡನ ಹೆಸರಿನಲ್ಲಿತ್ತು. ವಾಚ್ ರಿಪೇರಿ ಮಾಡುವ ಅವನು ಈಗ ಪೇಟೆಯ ನೋಂದಣಿ ಕಚೇರಿಯಲ್ಲಿ ಕಾಯುತ್ತ ಕೂತಿದ್ದ. ಹೆಂಡತಿ ಜಾಗ ನೋಡಿ ಹೂಂ ಅಂದರೆ ಅವನು ಸಹಿ ಹಾಕುವುದು.

“ನೀವೂ ಕುಡೀರಿ ಚಿಕ್ಕಮ್ಮ,” ಎಂದ ಬಿಳಿಬೂಟು.

ಕೆದಕಮ್ಮ ನೀರಿಗೆ ಕೈ ಕೊಟ್ಟಳು. ಕೊಟ್ಟವಳು ತೆಗೆಯಲಿಲ್ಲ. ಬೆರಳು ಮರಗಟ್ಟುವವರೆಗೆ ಹಿಡಿದೇ ಇದ್ದಳು.

ಅವಳು ಹುಟ್ಟಿ ಬೆಳೆದದ್ದು ಹೊಲದಲ್ಲಿ. ಇಂಥ ಚಳಿಯ ಬೆಳಗ್ಗೆ ಬೋರು ಹಾಕಿದರೆ ನೀರಿನಿಂದ ಹಬೆ ಏಳುತ್ತದೆ. ಭೂಮಿಯ ಆಳದಿಂದ ಬರುವ ನೀರು ಬೆಚ್ಚಗಿರುತ್ತದೆ. ಹೊಲದ ಮಕ್ಕಳೆಲ್ಲ ಚಳಿಗಾಲದಲ್ಲಿ ಪೈಪಿನ ಕೆಳಗೇ ಕೂತು ಮೈ ತೊಳೆಯುತ್ತಾರೆ. ಈ ನೀರು ರಾತ್ರಿಯೆಲ್ಲ ಅಂಗಳದಲ್ಲಿಟ್ಟ ಕೊಡದ ನೀರಿನ ಹಾಗೆ ಕೊರೆಯುತ್ತಿತ್ತು.

“ಎಷ್ಟು ಆಳಕ್ಕೆ ಸಿಕ್ತಪ್ಪ ನೀರು?” ಎಂದಳು.

“ಪಾತಾಳದಿಂದ ತೆಗೆದಿದ್ದೀನಿ ಚಿಕ್ಕಮ್ಮ. ಬೋರಿನ ಮಿಶಿನ್‌ನವನು ಕಲ್ಲು, ಕಲ್ಲು ಅಂತ ಕೈ ಚೆಲ್ಲಿ ಕೂತಿದ್ದ. ನಾನು ಬಿಡ್ಲಿಲ್ಲ.”

“ಪಾತಾಳದಲ್ಲಿ ಇಷ್ಟು ಚಳಿ ಇದೆ ಅಂತ ಇವತ್ತೇ ಗೊತ್ತಾಗಿದ್ದು.”

ಬಿಳಿಬೂಟು ನಕ್ಕ. ಎಂಥ ಮಾತಿಗೂ ನಗುವ ಅಭ್ಯಾಸ ಅವನದು. ನಗುತ್ತಲೇ ಕೈಯೆತ್ತಿ ಕಂಬ ತೋರಿಸಿದ. ಎರಡು ಕಂಬಗಳಿದ್ದವು. ತಂತಿ ಒಂದರಿಂದ ಇನ್ನೊಂದಕ್ಕೆ ಹೋಗಿ, ಅಲ್ಲಿಂದ ಗುಡ್ಡದ ಆಚೆಗೆ ಇಳಿದಿತ್ತು. ಈಚೆ ಕಂಬದ ತುದಿಯಲ್ಲಿ ಹಾಡಹಗಲೇ ಬಲ್ಬು ಉರಿಯುತ್ತಿತ್ತು.

“ಇಡೀ ದಿನ ಕರೆಂಟು. ನಿಮ್ಮ ಹೊಲಿಗೆ ಮಿಶಿನ್ನಿಗೆ ಇನ್ನು ಕಾಲು ಬೇಕಿಲ್ಲ ಅಕ್ಕ, ಮೋಟರ್ ಹಾಕ್ಸಿ.”

“ಕೇಳಿದ್ಯಾ ಚಿಕ್ಕಮ್ಮ?” ಟೈಲರಮ್ಮ ಕೆದಕಮ್ಮನ ಕೈ ಹಿಡಿದಳು. ತಮ್ಮನನ್ನು ಹುಡುಕಲು ಬಂದದ್ದೇ ಮರೆತುಹೋದಂತಿತ್ತು ಅವಳಿಗೆ. “ನಾನು ಎಲ್ಲಾ ಕೇಳಿದ್ದೀನಿ. ನೀರಿದೆಯಾ ಅಂದೆ, ಇದೆ. ಕರೆಂಟಿದೆಯಾ ಅಂದೆ, ಇದೆ. ದಾರಿ ಇದೆಯಾ ಅಂದೆ, ಅದೂ ಇದೆ.”

“ಯಾರನ್ನ ಕೇಳಿದೆ?”

“ಇವರನ್ನೇ.”

“ಚೆನ್ನಾಗಿದೆ,” ಎಂದಳು ಕೆದಕಮ್ಮ.

ಅವಳಿಗೆ ಇಂಥದ್ದಕ್ಕೇ ಮೈ ಉರಿಯುವುದು. ಮಡಕೆ ಕೊಳ್ಳುವಾಗ ಬೆರಳಿನಿಂದ ಬಡಿದು, ಕಿವಿಗಿಟ್ಟು, ಪಕ್ಕದ ಮಡಕೆಯ ಜೊತೆ ಹೋಲಿಸಿ, ಆಮೇಲೂ ಮುಖ ಸಿಂಡರಿಸುವ ಜನ, ಇದ್ದೊಂದು ಸೂರನ್ನು ಕೊಟ್ಟು ಭೂಮಿ ಕೊಳ್ಳುವಾಗ ಮಾರುವವನ ಬಾಯನ್ನೇ ನೋಡುತ್ತ ನಿಲ್ಲುತ್ತಾರೆ. ಅದಕ್ಕಿಂತ ಹೆಚ್ಚಾಗಿ ಉರಿಯುವುದು, ಅವರು ಹಾಗೆ ನಿಲ್ಲುತ್ತಾರೆಂದು ಗೊತ್ತಿದ್ದೇ ಬಾಯಿ ತೆರೆಯುವವನನ್ನು ಕಂಡರೆ.

“ಆ ಗುಡ್ಡ ಹತ್ತಿ ಬರ್ತೀನಿ. ತಂತಿ ಎಲ್ಲಿಂದ ಬರುತ್ತೆ ನೋಡೋಣ,” ಎಂದಳು.

“ಬೇಡ ಚಿಕ್ಕಮ್ಮ. ಹಾವು ಜಾಸ್ತಿ. ನಿಮ್ಮ ವಯಸ್ಸಿಗೆ ಯಾಕೆ ಬೇಕು?”

“ಸರಿ. ಹಾಗಾದ್ರೆ ಕಣದ ಕಡೆ ಹೋಗ್ತೀನಿ. ಅಲ್ಲೂ ಹಾವಿದೆಯಾ?”

ಬಿಳಿಬೂಟು ತಡೆಯಲು ಒಂದು ಹೆಜ್ಜೆ ಮುಂದೆ ಬಂದ. ಅಷ್ಟರಲ್ಲಿ ಅವಳು ಬದು ದಾಟಿಯಾಗಿತ್ತು.

ಕಣದ ಅಂಚಿನಲ್ಲಿ ಹುಲ್ಲಿನ ಬಣವೆಯ ನೆರಳಿಗೆ ಒಬ್ಬ ಹೆಂಗಸು ತಲೆಯ ಮೇಲಿನಿಂದ ಕೊಡ ಇಳಿಸುತ್ತಿದ್ದಳು. ದೂರದಿಂದ ಹೊತ್ತು ತಂದದ್ದು. ಕತ್ತು ಬಿಗಿದು, ಉಸಿರು ಕಟ್ಟಿತ್ತು. ಪಕ್ಕದಲ್ಲಿ ಇನ್ನೂ ಎರಡು ಕೊಡ ಬಟ್ಟೆ ಮುಚ್ಚಿ ಇಟ್ಟಿದ್ದವು.

“ಒಂದು ಲೋಟ ನೀರು ಕೊಡ್ತೀಯಾ ತಾಯಿ?”

“ಕೊಡಬಾರದು ಅಂತಲ್ಲಮ್ಮ,” ಹೆಂಗಸು ಕೊಡಕ್ಕೆ ಕೈ ಅಡ್ಡ ಇಟ್ಟಳು. “ಇಷ್ಟು ಜನಕ್ಕೆ ಇಷ್ಟೇ ನೀರು. ಮತ್ತೆ ಊರಿಗೆ ಹೋಗೋದು ನಾನೇ.”

“ಅಯ್ಯೋ, ಅಲ್ಲಿ ಬೋರು ಹಾಗೆ ಸುರೀತಿದೆಯಲ್ಲ. ನಾಲ್ಕು ಹೆಜ್ಜೆ.”

ಹೆಂಗಸು ಆ ಕಡೆ ನೋಡಲಿಲ್ಲ. ಕೊಡದ ಬಾಯಿಗೆ ಬಟ್ಟೆ ಕಟ್ಟುತ್ತ, “ಆ ಕಡೆ ಕಾಲಿಡಬಾರದು ಅಂದಿದ್ದಾರೆ,” ಎಂದಳು.

“ಕಾಲಿಟ್ರೆ?”

“ಗಾಡಿ ದಾರಿ ಮುಚ್ತಾರಂತೆ. ದಾರಿ ಅವರ ಜಾಗದೊಳಗೆ ಬರುತ್ತಲ್ಲ. ಕಾಳು ಮನೆಗೆ ಹೋಗಬೇಕಲ್ಲಮ್ಮ.” ಆಮೇಲೆ, ಹೇಳಿದ್ದೇ ಹೆಚ್ಚಾಯಿತು ಎನ್ನುವ ಹಾಗೆ ಗದರಿದಳು: “ನೀವು ಜಾಗ ನೋಡೋಕೆ ಬಂದೋರಲ್ವಾ? ನೋಡ್ಕೊಂಡು ಹೋಗಿ. ನನ್ನ ಬಾಯಿ ಯಾಕೆ ಬಿಡಿಸ್ತೀರಿ?”

ಕೆದಕಮ್ಮ ಅವಳ ಬಾಯಿ ಬಿಡಿಸಲು ಹೋಗಲಿಲ್ಲ. ಬೇಕಾದ್ದು ಸಿಕ್ಕಿತ್ತು. ಹರಿಯುವ ನೀರನ್ನು ಪಕ್ಕದಲ್ಲೇ ಇಟ್ಟುಕೊಂಡು ಮನುಷ್ಯರು ಊರಿನಿಂದ ಕೊಡ ಹೊರುತ್ತಾರೆಂದರೆ ಆ ನೀರಿನಲ್ಲಿ ಏನೋ ಇದೆ. ಇಲ್ಲವೇ ಆ ನೀರೇ ಇಲ್ಲ.

ಅವಳು ತಿರುಗಿ ಬಯಲನ್ನು ನೋಡಿದಳು. ಪೈಪಿನ ಸುತ್ತ ಒಂದು ಹಸಿರು ಎಸಳಿಲ್ಲ. ಕೆಸರಿನಲ್ಲಿ ದನದ ಹೆಜ್ಜೆಯಿಲ್ಲ, ಹಕ್ಕಿಯ ಹೆಜ್ಜೆಯೂ ಇಲ್ಲ. ನೀರು ಅಲ್ಲಿ ಬಿದ್ದದ್ದು ಇವತ್ತೇ, ನಿನ್ನೆ ಮೊನ್ನೆ ಅಲ್ಲ. ಆಚೆ ತಗಡಿನ ಶೆಡ್ಡು, ಬಾಗಿಲಿಗೆ ಬೀಗ. ಶೆಡ್ಡಿನ ಹಿಂದಕ್ಕೆ ಹೋದ ಚಕ್ರದ ಗುರುತು ಆಳವಾಗಿತ್ತು. ಭಾರದ ಗಾಡಿ ಬಂದು ಹಗುರಾಗಿ ಹೋಗಿತ್ತು. ಗುರುತು ಕೊನೆಯಾದಲ್ಲಿ ನೆಲದ ಮೇಲೆ ಹುಲ್ಲು ಹರಡಿತ್ತು, ಬೇಕೆಂದೇ ಹರಡಿದ ಹಾಗೆ.

ನೀರಿನ ವಿಷಯ ಅರ್ಥವಾಯಿತು. ಆದರೆ ಬಲ್ಬು? ಮೋಟರ್? ಅದಕ್ಕೆ ಇನ್ನೊಂದು ಯಂತ್ರ ಬೇಕು. ಯಂತ್ರವಿದ್ದರೆ ಸದ್ದಿರಬೇಕು.

ಆಗ ಅವಳ ಕಿವಿಯ ಪಕ್ಕದಲ್ಲೇ ಅರಚುತ್ತಿದ್ದ ಒಕ್ಕಣೆ ಮಿಶಿನ್ ಅವಳಿಗೆ ಮೊದಲ ಸಲ ಕೇಳಿಸಿತು.

ಹೋದ ವಾರ ಬರುತ್ತೇವೆ ಅಂದಾಗ ಬಿಳಿಬೂಟು ಬೇಡ ಅಂದಿದ್ದ. ಸೋಮವಾರ ಬೇಡ, ಮಂಗಳವಾರವೂ ಬೇಡ, ಗುರುವಾರ ಬನ್ನಿ, ಗುರುವಾರ ಒಳ್ಳೆಯ ದಿನ ಅಂದಿದ್ದ. ಯಾಕೆ ಒಳ್ಳೆಯ ದಿನವೆಂದು ಈಗ ತಿಳಿಯಿತು. ಅದು ಪಕ್ಕದ ಕಣದಲ್ಲಿ ಒಕ್ಕಣೆಯ ದಿನ.

ಕೆದಕಮ್ಮ ಹೊಟ್ಟು ಒರೆಸಿಕೊಳ್ಳುವವಳ ಹಾಗೆ ಕೈಯನ್ನು ಕಿವಿಗೆ ಒಯ್ದಳು. ಎಡಗಿವಿಯ ಓಲೆ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿದಳು. ಮಿಶಿನ್ನಿನ ಹತ್ತಿರ ಎರಡು ಹೆಜ್ಜೆ ಹೋಗಿ, ಎದೆ ಬಡಿದುಕೊಂಡು ಚೀರಿದಳು.

“ಅಯ್ಯಯ್ಯೋ! ನನ್ನ ಓಲೆ! ಚಿನ್ನದ ಓಲೆ ಕಾಳಿನೊಳಗೆ ಬಿತ್ತು! ನಿಲ್ಸ್ರಪ್ಪಾ, ನಿಲ್ಸಿ!”

ಬೆಂಕಿ ಬಿತ್ತು ಅಂದಿದ್ದರೂ ಅಷ್ಟು ಬೇಗ ನಿಲ್ಲಿಸುತ್ತಿರಲಿಲ್ಲವೇನೋ. ಹೆಂಗಸರೆಲ್ಲ ಒಟ್ಟಿಗೆ ಕೂಗಿದರು. ಹೊರೆ ಕೊಡುತ್ತಿದ್ದವನು ಜಿಗಿದು ಕೆಳಗಿಳಿದ. ಮಿಶಿನ್ ಕೆಮ್ಮಿ, ನರಳಿ, ನಿಂತಿತು.

“ಏಯ್! ಯಾಕೆ ನಿಲ್ಸಿದ್ರಿ? ನಡೆಸ್ರೋ!” ಬಿಳಿಬೂಟು ಬದುವಿನ ಮೇಲಿಂದ ಕೂಗಿದ. ಈ ಸಲ ಅವನ ಮುಖದಲ್ಲಿ ನಗು ಇರಲಿಲ್ಲ.

ಅವನ ಕೂಗು ನಿಂತ ಮೇಲೆ ಬಯಲೆಲ್ಲ ಸ್ತಬ್ಧ. ಆ ಸ್ತಬ್ಧತೆಯ ನಡುವೆ ಇನ್ನೊಂದು ಸದ್ದು ಉಟ್ಟ ಬಟ್ಟೆ ಕಳಚಿದಂತೆ ಬೆತ್ತಲೆಯಾಗಿ ಕೇಳಿಸಿತು. ಗುರ್ರ್ರ್... ತಗಡಿನ ಶೆಡ್ಡಿನೊಳಗಿಂದ.

ಎಲ್ಲರೂ ಆ ಕಡೆ ತಿರುಗಿದರು. ತಿರುಗಿದ್ದೇ ತಡ, ಸದ್ದು ಗಕ್ಕನೆ ನಿಂತುಹೋಯಿತು.

ಕಂಬದ ಬಲ್ಬು ಆರಿತು. ದಬದಬ ಸುರಿಯುತ್ತಿದ್ದ ನೀರು ಸಣ್ಣದಾಯಿತು, ಎಳೆಯಾಯಿತು, ತೊಟ್ಟಿಕ್ಕಿತು, ಅಷ್ಟೆ.

ಟೈಲರಮ್ಮ ಇನ್ನೂ ಪೈಪಿನ ಮುಂದೆಯೇ ಇದ್ದಳು. ಬೊಗಸೆ ಒಡ್ಡಿದ್ದು ಒಡ್ಡಿದಂತೆಯೇ ಇತ್ತು.

“ಕರೆಂಟು ಹೋಯ್ತು ನೋಡಿ,” ಬಿಳಿಬೂಟು ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡ. “ಈ ಲೈನಿನವರಿಗೆ ಎಷ್ಟು ಹೇಳಿದರೂ ಅಷ್ಟೆ. ಈಗ ಬರುತ್ತೆ ಅಕ್ಕ.”

ಕೆದಕಮ್ಮ ಬದು ದಾಟಿ ಬಂದಳು. ನಡೆಯುತ್ತಲೇ ಓಲೆ ತೆಗೆದು ಕಿವಿಗೆ ಸಿಕ್ಕಿಸಿಕೊಂಡಳು.

“ಕರೆಂಟು ಹೋಗಲಿ ಬಿಡಿ, ನಮ್ಮ ಪೇಟೆಯಲ್ಲೂ ಹೋಗುತ್ತೆ,” ಎಂದಳು. “ಆದರೆ ಕರೆಂಟು ಹೋದಾಗ ಶೆಡ್ಡಿನ ಸಂದಿಯಿಂದ ಹೊಗೆ ಬರೋದು ನಿಮ್ಮ ಊರಲ್ಲಿ ಮಾತ್ರ ನೋಡಿದ್ದು.”

“ಅದು ಗೊಬ್ಬರದ ಕೋಣೆ ಚಿಕ್ಕಮ್ಮ.”

“ಗೊಬ್ಬರ ಗುರುಗುಟ್ಟುತ್ತಾ?”

ಆಚೆ ಕಣದಲ್ಲಿ ಯಾರೋ ಕಿಸಕ್ಕೆಂದು ನಕ್ಕು, ಬಾಯಿಗೆ ಬಟ್ಟೆ ಒತ್ತಿಕೊಂಡರು.

ಕೆದಕಮ್ಮ ಶೆಡ್ಡಿನ ಹಿಂದಕ್ಕೆ ಹೋದಳು. ಕಾಲಿನಿಂದ ಹುಲ್ಲು ಸರಿಸಿದಳು. ಕೆಳಗೆ ಹಲಗೆ. ಹಲಗೆ ಎತ್ತಿದರೆ ಸಿಮೆಂಟಿನ ತೊಟ್ಟಿ, ಅರ್ಧ ಖಾಲಿ. ತಳದಿಂದ ಒಂದು ಪೈಪು ಮಣ್ಣೊಳಗೆ ತೂರಿ ಬೋರಿನ ಕಡೆಗೆ ಹೋಗಿತ್ತು. ಮೂಗಿಗೆ ಬಡಿದದ್ದು ಪೇಟೆಯ ನಲ್ಲಿ ನೀರಿನ ಔಷಧಿಯ ವಾಸನೆ.

“ಬಾ ಟೈಲರಮ್ಮ,” ಎಂದಳು. “ನಿನ್ನ ಪಾತಾಳ ನೋಡು ಬಾ. ಒಬ್ಬ ಮನುಷ್ಯ ನಿಂತರೆ ಎದೆಮಟ್ಟ ಬರುತ್ತೆ.”

ಟೈಲರಮ್ಮ ಬಂದಳು. ಇಣುಕಿ ನೋಡಿದಳು. ಆಮೇಲೆ ತನ್ನ ಒದ್ದೆ ಅಂಗೈಗಳನ್ನು ಸೀರೆಗೆ ಒರೆಸಿಕೊಂಡಳು, ಗಲೀಜು ಮುಟ್ಟಿದವಳ ಹಾಗೆ.

“ಈ ನೀರನ್ನ ನನ್ನ ಬೊಗಸೆಗೆ ಹಾಕಿದ್ಯಲ್ಲೋ,” ಎಂದಳು. ಧ್ವನಿ ಏರಿರಲಿಲ್ಲ. “ಅಕ್ಕ ಅಕ್ಕ ಅಂತ ಕರೆದು ಹಾಕಿದ್ಯಲ್ಲೋ.”

“ನೋಡಿ ಅಕ್ಕ, ನಾನು ಸುಳ್ಳು ಹೇಳೋನಲ್ಲ.” ಬಿಳಿಬೂಟು ಎದೆಯ ಮೇಲೆ ಕೈಯಿಟ್ಟುಕೊಂಡ. “ನೀರು ಬರುತ್ತೆ ಅಂದೆ. ಬಂತು. ದೀಪ ಉರಿಯುತ್ತೆ ಅಂದೆ. ಉರೀತು. ನಾಳೆ ನಿಜವಾದ ಲೈನೂ ಬರುತ್ತೆ, ಅರ್ಜಿ ಹಾಕಿದರೆ ಯಾರು ಬೇಡ ಅಂತಾರೆ? ಇವತ್ತು ಒಂದು ಅಂದಾಜಿಗೆ ತೋರಿಸಿದೆ. ಮನೆ ಕಟ್ಟೋಕೆ ಮುಂಚೆ ಬೊಂಬೆ ಮನೆ ಮಾಡಿ ತೋರಿಸಲ್ವಾ, ಹಾಗೆ.”

“ಬೊಂಬೆ ಮನೆಯಲ್ಲಿ ಸಂಸಾರ ಮಾಡು ಅಂತ ಯಾರೂ ಹೇಳಲ್ಲಪ್ಪ,” ಎಂದಳು ಕೆದಕಮ್ಮ. “ಪೇಟೆ ಮನೆಯ ಬೀಗದ ಕೈ ನಿನ್ನ ಕೈಗೆ ಕೊಟ್ಟು, ಸಾಮಾನೆಲ್ಲ ಲಾರಿಗೆ ಹೇರ್ಕೊಂಡು ಇಲ್ಲಿ ಬಂದು ಇಳೀತಾರೆ. ಮೊದಲನೇ ದಿನ ನಲ್ಲಿ ತಿರುಗಿಸ್ತಾರೆ. ಗಾಳಿ ಬರುತ್ತೆ. ಆಗ ಯಾರನ್ನ ಕೇಳಬೇಕು? ಬೊಂಬೆ ಆಡಿಸೋನು ಆಗ ಎಲ್ಲಿರ್ತಾನೆ?”

“ಕೇಳೋರು ಕೇಳಬೇಕಾದ್ದನ್ನ ಮೊದಲೇ ಕೇಳಬೇಕು.”

“ಕೇಳಿದಳು. ಮೂರು ಸಲ ಕೇಳಿದಳು.”

“ನನ್ನನ್ನ ಕೇಳಿದರು,” ಎಂದ ಬಿಳಿಬೂಟು. ಆ ಮಾತಿನಲ್ಲಿ ನಾಚಿಕೆಯ ಎಳೆಯೂ ಇರಲಿಲ್ಲ. “ಅಂಗಡಿಯವನನ್ನ ನಿನ್ನ ತಕ್ಕಡಿ ಸರಿ ಇದೆಯಾ ಅಂತ ಕೇಳಿದರೆ ಅವನು ಏನು ಹೇಳಬೇಕು? ಪಕ್ಕದ ಹೊಲದವರನ್ನ ಕೇಳಬಹುದಿತ್ತು. ಕರೆಂಟ್ ಆಫೀಸಿಗೆ ಹೋಗಿ ಈ ಕಂಬ ನಿಮ್ಮದಾ ಅಂತ ವಿಚಾರಿಸಬಹುದಿತ್ತು. ಯಾರು ತಡೆದಿದ್ದರು?”

“ಪಕ್ಕದ ಹೊಲದವರ ಬಾಯಿಗೆ ಗಾಡಿ ದಾರಿ ತುರುಕಿದ್ದೀಯಲ್ಲ, ಅದಕ್ಕೇನು ಹೇಳ್ತೀಯಾ?”

ಕಣದಲ್ಲಿ ಯಾರೂ ಈಗ ನಗುತ್ತಿರಲಿಲ್ಲ. ಕೊಡ ಹೊತ್ತು ತಂದಿದ್ದ ಹೆಂಗಸು ಬದುವಿನವರೆಗೆ ಬಂದು ನಿಂತಿದ್ದಳು. ಬಿಳಿಬೂಟು ಅವಳತ್ತ ಒಂದು ಸಲ ನೋಡಿದ. ಅವಳು ತಲೆ ತಗ್ಗಿಸಿದಳು, ಆದರೆ ಹಿಂದೆ ಸರಿಯಲಿಲ್ಲ.

“ನೀವು ಚಿಕ್ಕಮ್ಮ ಅಲ್ಲ,” ಎಂದ ಅವನು ನಿಧಾನವಾಗಿ.

“ಅಲ್ಲ. ಇವಳ ತಮ್ಮನ್ನ ಹುಡುಕೋಕೆ ಬಂದೋಳು. ಕಾಂಪೌಂಡರ್ ಎಲ್ಲಿ?”

ಬಿಳಿಬೂಟು ಅವಳನ್ನು ಮೇಲಿಂದ ಕೆಳಗೆ ನೋಡಿದ. ಅವನ ಮುಖಕ್ಕೆ ನಗು ಮರಳಿತು. ಆ ನಗು ಕೆದಕಮ್ಮನಿಗೆ ಹಿಡಿಸಲಿಲ್ಲ. ಸಿಕ್ಕಿಬಿದ್ದವನ ನಗು ಹಾಗಿರುವುದಿಲ್ಲ.

“ಹುಡುಕಬೇಕಾ? ಕೂಗಿದರೆ ಸಾಕಲ್ಲ,” ಎಂದು ಅವನು ಶೆಡ್ಡಿನ ತಗಡನ್ನು ಬೆರಳ ಗೆಣ್ಣಿನಿಂದ ಬಡಿದ. “ಬಾರಪ್ಪ ಹೊರಗೆ. ನಿಮ್ಮಕ್ಕ ಬಂದಿದ್ದಾರೆ.”

ಬಾಗಿಲಿನ ಬೀಗ ಸುಮ್ಮನೆ ನೇತುಹಾಕಿದ್ದಷ್ಟೇ, ಹಾಕಿರಲಿಲ್ಲ. ಒಳಗಿನಿಂದ ಯಾರೋ ಅಲುಗಿಸಿದರು. ಅದು ಕೆಳಗೆ ಬಿತ್ತು. ಬಾಗಿಲು ಒಂದು ಗೇಣು ತೆರೆದು, ನಿಂತು, ಪೂರ್ತಿ ತೆರೆಯಿತು.

ಮಸಿ ಹಿಡಿದ ಅಂಗಿ, ಬೆಳೆದ ಗಡ್ಡ. ಹೊಗೆಗೆ ಕೆಂಪಾದ ಕಣ್ಣು. ಹಿಂದೆ ಜನರೇಟರ್, ಅದರ ಮೇಲೆ ಸದ್ದು ಅಡಗಿಸಲು ಹೊದಿಸಿದ ಒದ್ದೆ ಗೋಣಿಚೀಲಗಳು. ಔಷಧಿ ಸೀಸೆಯನ್ನು ಅಳ್ಳಾಡಿಸಿ, ಬೆಳಕಿಗೆ ಹಿಡಿದು, ರೋಗಿಗೆ ಎರಡು ಒಳ್ಳೆಯ ಮಾತು ಹೇಳಿ ಕೊಡುತ್ತಿದ್ದ ಕೈ ಕಪ್ಪಾಗಿತ್ತು.

“ಅಕ್ಕ,” ಎಂದ.

ಟೈಲರಮ್ಮ ಒಂದೇ ನೆಗೆತಕ್ಕೆ ಹೋಗಿ ಅವನ ಮುಖ, ತೋಳು, ಬೆನ್ನು ತಡಕಿದಳು. “ಕಟ್ಟಿಹಾಕಿದ್ರೇನೋ? ಹೊಡೆದ್ರಾ? ಊಟ ಹಾಕ್ತಿದ್ರಾ? ಮಾತಾಡೋ!”

ಟೈಲರಮ್ಮನ ಕೈ ತಾನಾಗೇ ನಿಂತಿತು. ನೆಲದ ಮೇಲಿನ ಬೀಗ ನೋಡಿದಳು. ತಮ್ಮನನ್ನು ನೋಡಿದಳು.

“ಯಾರೂ ಕಟ್ಟಿಹಾಕಿಲ್ಲ,” ಎಂದ ಬಿಳಿಬೂಟು. “ಅವರದೇ ಕೆಲಸ. ನಂಬಿಕಸ್ಥ.”

“ನೀರಿಲ್ಲ ಅಂತ ಬಂದ ದಿನವೇ ಗೊತ್ತಾಯ್ತು ಅಕ್ಕ,” ಕಾಂಪೌಂಡರ್ ನೆಲ ನೋಡುತ್ತ ಹೇಳಿದ. “ಜಗಳ ಆಡಿದೆ. ಪೊಲೀಸು, ವಕೀಲರು ಅಂತ ಹೆದರಿಸಿದೆ. ಹತ್ತು ವರ್ಷ ಅಲೆದಾಡು, ನಿನ್ನ ಮಕ್ಕಳ ಕಾಲಕ್ಕೆ ಮನೆ ಸಿಗುತ್ತೆ ಅಂದ್ರು. ಇಲ್ಲ ಅಂದ್ರೆ... ಪಕ್ಕದ ತುಂಡಿಗೆ ಬದಲು ಒಂದು ಮನೆ ಹುಡುಕಿಕೊಡು, ನಿನ್ನ ಮನೆ ನಿನಗೆ ವಾಪಸ್ ಅಂದ್ರು.”

“ನನ್ನ ಮನೇನೇ ಹುಡುಕಿದೆ ನೀನು,” ಎಂದಳು ಟೈಲರಮ್ಮ.

“ಬೇರೆ ಯಾರೂ ನನ್ನ ಮಾತು ನಂಬ್ತಿರಲಿಲ್ಲ ಅಕ್ಕ.”

ಅವಳು ಹೊಡೆದ ಏಟಿನ ಸದ್ದು ಕಣದವರೆಗೆ ಕೇಳಿಸಿತು. ಕಾಂಪೌಂಡರ್ ಕೆನ್ನೆ ಮುಟ್ಟಿಕೊಳ್ಳಲಿಲ್ಲ.

ಕಳ್ಳರನ್ನು ಕೆದಕಮ್ಮ ಬೇಕಾದಷ್ಟು ಕಂಡಿದ್ದಳು. ದೋಚಿಸಿಕೊಂಡವನ ಕೈಗೇ ಚೂರಿ ಕೊಟ್ಟು, ನಿನ್ನ ಮನೆಯವರಲ್ಲಿ ಒಬ್ಬರನ್ನು ಇರಿ ಎಂದು ಹೇಳಿ, ಬೂಟಿಗೆ ಧೂಳು ತಾಗದಂತೆ ದೂರ ನಿಲ್ಲುವವನನ್ನು ಕಂಡಿರಲಿಲ್ಲ. ಇದಕ್ಕೆ ಯಾವ ಕಲಮಿನಲ್ಲಿ ಕೇಸು ಹಾಕುವುದು?

ಹಾಗೆಂದು ತಿರುಗಿ ನೋಡಿದರೆ ಬಿಳಿಬೂಟು ಅಲ್ಲಿರಲಿಲ್ಲ. ಅವರನ್ನು ಕರೆತಂದಿದ್ದ ಕಾರು ಸದ್ದಿಲ್ಲದೆ ತಗ್ಗಿಗೆ ಇಳಿದು, ಧೂಳೆಬ್ಬಿಸುತ್ತ ರಸ್ತೆ ಹಿಡಿದಿತ್ತು.

“ಓಡಿಹೋದ ರಂಡೆಗಂಡ,” ಎಂದಳು ಟೈಲರಮ್ಮ. “ಹೋಗಲಿ. ಎಲ್ಲಿಗೆ ಹೋಗ್ತಾನೆ? ನಮ್ಮದೇನೂ ಹೋಗಿಲ್ಲ. ನಾನು ಹೂಂ ಅನ್ನದೆ ನಮ್ಮವರು ಪೆನ್ನು ಮುಟ್ಟಲ್ಲ.”

ಕೆದಕಮ್ಮ ಕಾಂಪೌಂಡರನ ಮುಖವನ್ನೇ ನೋಡುತ್ತಿದ್ದಳು. ಆ ಮುಖ ಸುಣ್ಣವಾಗಿತ್ತು.

“ಏನಪ್ಪ?” ಎಂದಳು. “ಇನ್ನೂ ಏನಿದೆ?”

“ಅಕ್ಕ ನೀರು ಕುಡಿದು ನಕ್ಕಾಗ...” ಅವನು ಶೆಡ್ಡಿನ ಕಡೆ ತಿರುಗಿದ. “ಸಂದಿಯಿಂದ ನೋಡ್ತಿದ್ದೆ. ಆಗಲೇ ಭಾವನಿಗೆ ಸಂದೇಶ ಕಳಿಸಿದೆ. ಅಕ್ಕನ ಜೊತೆ ಮಾತಾಡಿದೆ, ಒಪ್ಪಿದ್ದಾಳೆ, ಅವಳ ಫೋನು ಸಿಗಲ್ಲ, ಸಹಿ ಹಾಕಿಬಿಡಿ ಅಂತ.”

ಟೈಲರಮ್ಮ ಫೋನು ಹೊರತೆಗೆದಳು. ಸಂದೇಶ ಹೇಗೋ ನುಸುಳುವ ಜಾಗ, ಮಾತಾಡುವಷ್ಟು ಸಿಗ್ನಲ್ ಇಲ್ಲ. ಕೈ ಮೇಲೆತ್ತಿ ಹಿಡಿದು ಆಚೆ ಈಚೆ ಓಡಿದಳು. ಆಮೇಲೆ ಬಿಳಿಬೂಟು ಹಾವಿದೆ ಅಂದಿದ್ದ ಗುಡ್ಡವನ್ನು ಮುಳ್ಳು ಕಲ್ಲು ನೋಡದೆ ಹತ್ತಿದಳು. ಕೆದಕಮ್ಮ ಏದುಸಿರು ಬಿಡುತ್ತ ಹಿಂದೆ. ಅವಳ ಹಿಂದೆ ಕಾಂಪೌಂಡರ್.

ಗುಡ್ಡದ ಮೇಲೆ ನಿಂತರೆ ಆಚೆ ಬದಿ ಪೂರ್ತಿ ಕಾಣುತ್ತಿತ್ತು. ಕಂಬದಿಂದ ಇಳಿದ ತಂತಿ ಒಂದು ಬಂಡೆಗೆ ಸುತ್ತಿ ಗಂಟು ಹಾಕಿಸಿಕೊಂಡು ಅಲ್ಲೇ ಮುಗಿದಿತ್ತು, ಹಸು ಕಟ್ಟಿದ ಹಗ್ಗದ ಹಾಗೆ. ಅದರಾಚೆ ಕಣ್ಣು ಹರಿಯುವಷ್ಟು ದೂರ ಒಂದು ಕಂಬವೂ ಇರಲಿಲ್ಲ.

ಫೋನು ಹತ್ತಿತು. ರಿಂಗಾಯಿತು. ಕಚೇರಿಯೊಳಗೆ ಫೋನು ಬಿಡುವುದಿಲ್ಲವೆಂದು ವಾಚ್ ರಿಪೇರಿಯವನು ಅದನ್ನು ಹೊರಗೆ ಬೆಂಚಿನ ಮೇಲೆ ಕೂತಿದ್ದ ಕಾಂಪೌಂಡರನ ಹೆಂಡತಿಯ ಕೈಗೆ ಕೊಟ್ಟು ಹೋಗುವುದೆಂದು ಬೆಳಗ್ಗೆಯೇ ಮಾತಾಗಿತ್ತು. ತಮ್ಮನ ಮನೆ ಹೋದಂದಿನಿಂದ ಅವಳು ಟೈಲರಮ್ಮನ ಮನೆಯಲ್ಲೇ ಇದ್ದಳು. ಗಂಡ ಎಲ್ಲಿದ್ದಾನೋ, ಹೇಗಿದ್ದಾನೋ ಎಂದು ಕೆದಕಮ್ಮನ ಮೇಜಿನ ಮುಂದೆ ಕೂತು ಸೆರಗು ಒದ್ದೆ ಮಾಡಿಕೊಂಡಿದ್ದಳು.

“ಅತ್ತಿಗೆ?” ಫೋನಿನಲ್ಲಿ ಅವಳ ಧ್ವನಿ.

“ಅವರು ಎಲ್ಲಿ? ಸಹಿ ಆಯ್ತಾ?”

“ಇನ್ನೂ ಇಲ್ಲ. ಅಣ್ಣ ಒಳಗೆ ಕೂತಿದ್ದಾರೆ. ನಮ್ಮದೇ ಮುಂದಿನದು.”

“ದೇವರು ದೊಡ್ಡವನು. ಓಡು ಒಳಗೆ! ಸಹಿ ಹಾಕಬೇಡಿ ಅನ್ನು. ಎಲ್ಲಾ ಮೋಸ, ನೀರಿಲ್ಲ, ಕರೆಂಟಿಲ್ಲ, ಏನೂ ಇಲ್ಲ. ಓಡು ಹುಡುಗಿ!”

ಆ ಕಡೆಯಿಂದ ಹೆಜ್ಜೆಯ ಸದ್ದು ಬರಲಿಲ್ಲ. ಬೆಂಚು ಸರಿದ ಸದ್ದೂ ಇಲ್ಲ. ಯಾರೋ ಕೆಮ್ಮಿದರು, ಎಲ್ಲೋ ಬಾಗಿಲು ಮುಚ್ಚಿತು.

“ಕೇಳಿಸ್ತಾ?”

“ಕೇಳಿಸ್ತು ಅತ್ತಿಗೆ,” ಎಂದಳು ಅವಳು. ಅಳುವಿಲ್ಲ, ಆತುರವಿಲ್ಲ. “ನಮ್ಮೆಜಮಾನ್ರು ನಿ‌ಮ್ಮ ಪಕ್ಕದಲ್ಲೇ ಇದ್ದಾರಲ್ವಾ? ಅವರ ಬಾಯಿಂದ ಹೇಳಿಸಿ. ಅವರು ಹೋಗು ಅಂದರೆ ಹೋಗ್ತೀನಿ.”

ಕೆದಕಮ್ಮ ಕಿವಿಯಿಟ್ಟು ಕೇಳುತ್ತಿದ್ದಳು. ತನ್ನ ಮೇಜಿನ ಮೇಲೆ ಬಿದ್ದ ಅಷ್ಟೂ ಕಣ್ಣೀರನ್ನು ಅವಳು ನಂಬಿದ್ದಳು. ಮಾರುವವನ ಮಾತನ್ನೇ ನಂಬಿ ಜಾಗ ಕೊಳ್ಳುವವರ ಮೇಲೆ ಈಗಷ್ಟೇ ಸಿಟ್ಟಾಗಿದ್ದವಳು, ಅಳುವವಳ ಕಣ್ಣನ್ನೇ ನೋಡುತ್ತ ಕೂತಿದ್ದಳು.

ಟೈಲರಮ್ಮ ಫೋನನ್ನು ತಮ್ಮನ ಮುಂದೆ ಹಿಡಿದಳು.

“ನಿನ್ನ ಶಾಲೆ, ನಿನ್ನ ಅನ್ನ, ನಿನ್ನ ಮದುವೆ, ಎಲ್ಲಾ ಆ ಅಂಗಡಿಯ ಹೊಲಿಗೆಯಲ್ಲಿ ಆಗಿದ್ದು,” ಎಂದಳು. “ಇವತ್ತಿನವರೆಗೂ ಬಾಯಿಬಿಟ್ಟು ಅಂದಿಲ್ಲ. ಇವತ್ತು ಕೇಳ್ತಿದ್ದೀನಿ. ಒಂದು ಮಾತು. ಹೋಗು ಅನ್ನು.”

ಕಾಂಪೌಂಡರ್ ಕೈ ಚಾಚಲಿಲ್ಲ. ಕೈಯ ಮಸಿಯನ್ನು ಅಂಗಿಗೆ ಒರೆಸಿದ. ಮತ್ತೆ ಒರೆಸಿದ. ಮಸಿ ಹೋಗುತ್ತಿರಲಿಲ್ಲ.

“ಬೇಗ ಹೇಳಿ,” ಎಂದಿತು ಫೋನಿನ ಧ್ವನಿ. “ಒಳಗೆ ಅಣ್ಣನ ಹೆಸರು ಕೂಗ್ತಿದ್ದಾರೆ.”

ಅವನು ತಲೆಯೆತ್ತಿದ. ಫೋನನ್ನಲ್ಲ, ಅಕ್ಕನನ್ನು ನೋಡಿದ.

“ಹೋಗು ಅಂದರೆ,” ಎಂದ, “ನನ್ನ ಮನೆ ಯಾರು ಕೊಡ್ತಾರೆ ಅಕ್ಕ?”